ಹಳೇ ಟೇಬಲ್ ಮೇಲೆ ಕಸೂತಿ ಆನೆ

ಸಂಪಾದಕರೇ,

ಬಾಗಲಕೋಟೆಯ ಗುಜರಿ ಅಂಗಡಿಯಿಂದ ಕಾಲು ಅಲುಗಾಡುವ ಸಾಗವಾನಿ ಟೇಬಲ್ ತಂದೆ. ಸುಮ್ನೆ ದುಡ್ಡು ದಂಡ ಅಂದರು ಮನೆಯಲ್ಲಿ. ಮೊದಲು ಹಳೇ ಪಾಲಿಶ್ ಮೇಲೇ ಬಣ್ಣ ಬಳಿದೆ, ವಾರದಲ್ಲೇ ಸಿಪ್ಪೆ ಥರ ಎದ್ದು ಬಂತು. ಆಮೇಲೆ 120 ನಂಬರಿನ ಸ್ಯಾಂಡ್ ಪೇಪರ್‌ನಿಂದ ಕೆರೆದು, 220ರಿಂದ ನುಣುಪು ಮಾಡಿ, ಧೂಳು ಒರೆಸಿ, ಪ್ರೈಮರ್ ಹಚ್ಚಿ, ಅದು ಒಣಗಿದ ಮೇಲೆ ಬಣ್ಣ ಬಳಿದೆ. ಅದರ ಮೇಲೆ ಇಳಕಲ್ ಸೀರೆಯ ಕಸೂತಿಯ ಗೋಪುರ, ತೇರು, ಆನೆ ಬಿಡಿಸಿದೆ. ಕಸೂತಿಯಲ್ಲಿ ನೇರ ಗೆರೆಗಳೇ ಜಾಸ್ತಿ, ಸ್ಕೇಲು ಪೆನ್ಸಿಲ್ ಇದ್ದರೆ ಚಿತ್ರ ಬರದವರಿಗೂ ಬರುತ್ತೆ ಅಲ್ವಾ? (ನನ್ನ ಆನೆ ಮಾತ್ರ ಹಂದಿ ಥರ ಆಗಿದೆ.) ಕೊನೆಗೆ ಎರಡು ಕೋಟ್ ವಾರ್ನಿಶ್.

ಶಾಲೆಗಳ ಹಿತ್ತಲಲ್ಲಿ ಮಳೆಗೆ ನೆನೆಯುತ್ತಾ ಬಿದ್ದಿರುವ ಮರದ ಡೆಸ್ಕ್‌ಗಳನ್ನು ಗುಜರಿಗೆ ಹಾಕುವ ಮೊದಲು ಬೇಸಿಗೆ ರಜೆಯಲ್ಲಿ ಮಕ್ಕಳ ಕೈಗೆ ಒಮ್ಮೆ ಕೊಟ್ಟು ನೋಡಲಿ.

– ಓದುಗ, ಬಾಗಲಕೋಟೆ