ಪುರಸ್ಕಾರಕ್ಕೆ ಮುನ್ನ ಊರಿನ ನಕ್ಷೆ ಕೇಳಿ: ಗ್ರಾಮೀಣಾಭಿವೃದ್ಧಿ ಸಚಿವರಿಗೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು

ಮಾನ್ಯರೇ,

ಗಾಂಧಿ ಗ್ರಾಮ ಪುರಸ್ಕಾರಕ್ಕೆ ಪಂಚಾಯಿತಿಗಳನ್ನು ಆರಿಸುವ ಕ್ರಮದಲ್ಲಿ ಒಂದು ಬದಲಾವಣೆ ಕೋರಿ ಈ ಪತ್ರ. ತಾಲ್ಲೂಕಿಗೊಂದು ಪಂಚಾಯಿತಿ, 5 ಲಕ್ಷ ರೂಪಾಯಿ, ಅಕ್ಟೋಬರ್ 2ರ ಸಮಾರಂಭ: ಈ ಏರ್ಪಾಡು ವರ್ಷಗಳಿಂದ ನಡೆದುಬಂದಿದೆ. ತೆರಿಗೆ ವಸೂಲಿ, ಗ್ರಾಮೀಣ ಉದ್ಯೋಗ ಖಾತರಿ ಪ್ರಗತಿ, ಶೌಚಾಲಯ, ನಡೆದ ಸಭೆಗಳ ಸಂಖ್ಯೆ ಮುಂತಾದ, ತಂತ್ರಾಂಶದಲ್ಲಿ ಸಿಗುವ ಅಂಕಿಗಳ ಸುತ್ತಲೇ ಆಯ್ಕೆ ತಿರುಗುತ್ತದೆ. ಮುಂದಿನ ಹತ್ತು ವರ್ಷ ಮನೆಗಳು ಎಲ್ಲಿ ಬರಬೇಕು, ಎಲ್ಲಿ ಬರಕೂಡದು ಎಂದು ನಕ್ಷೆ ಹಾಸಿಕೊಂಡು ತೀರ್ಮಾನಿಸಿದ ಪಂಚಾಯಿತಿಗೆ ಅದಕ್ಕಾಗಿ ಹೇಳಿಕೊಳ್ಳುವಂಥ ತೂಕ ಸಿಗುವುದಿಲ್ಲ.

ಕೇಂದ್ರದ್ದೂ ಇದೇ ಕಥೆ. ರಾಷ್ಟ್ರೀಯ ಪಂಚಾಯಿತಿ ಪ್ರಶಸ್ತಿಗಳನ್ನು 2022ರಲ್ಲಿ ಒಂಬತ್ತು ವಿಷಯಗಳಿಗೆ ಹೊಂದಿಸಲಾಯಿತು. ಬಡತನ, ಆರೋಗ್ಯ, ಮಕ್ಕಳು, ನೀರು, ಸ್ವಚ್ಛತೆ, ಮೂಲಸೌಕರ್ಯ, ಸಾಮಾಜಿಕ ನ್ಯಾಯ, ಆಡಳಿತ, ಮಹಿಳೆ ಎಲ್ಲವೂ ಇವೆ, ಭೂಬಳಕೆ ಎಂಬ ವಿಷಯ ಇಲ್ಲ. ಅದೇ ಪಂಚಾಯತ್ ರಾಜ್ ಸಚಿವಾಲಯ ಗ್ರಾಮೀಣ ಪ್ರದೇಶಾಭಿವೃದ್ಧಿ ಯೋಜನೆ ತಯಾರಿಸುವ ಮಾರ್ಗಸೂಚಿಯನ್ನು 2016ರಲ್ಲಿ ಹೊರಡಿಸಿ 2021ರಲ್ಲಿ ಪರಿಷ್ಕರಿಸಿದೆ. ಮಾರ್ಗಸೂಚಿ ಕಪಾಟಿನಲ್ಲಿ, ಪ್ರಶಸ್ತಿ ವೇದಿಕೆಯ ಮೇಲೆ.

ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆ ಇದೆಯಲ್ಲ ಎಂದು ಅಧಿಕಾರಿಗಳು ನಿಮಗೆ ಹೇಳಬಹುದು. ಇದೆ, ಆದರೆ ಅದು ಕಾಮಗಾರಿಗಳ ಪಟ್ಟಿ. 15ನೇ ಹಣಕಾಸು ಆಯೋಗ ಅನುದಾನದ ಶೇ 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟಿಹಾಕಿತು. ಉಳಿದದ್ದು ಸದಸ್ಯರ ನಡುವೆ ಹಂಚಿಹೋಗಿ ‘ಇಂಥವರ ಮನೆಯಿಂದ ಇಂಥವರ ಮನೆವರೆಗೆ ಸಿಸಿ ರಸ್ತೆ’ ಎಂಬ ಸಾಲುಗಳಾಗುತ್ತದೆ. ಆ ಸಾಲಿನಲ್ಲಿ ನೆಲದ ಇಳಿಜಾರು ಯಾವ ಕಡೆಗೆ, ಚರಂಡಿ ನೀರು ಕೊನೆಗೆ ಎಲ್ಲಿ ಸೇರುತ್ತದೆ ಎಂಬುದು ಇರುವುದಿಲ್ಲ.

ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರದು. ಹೆಸರಿನಲ್ಲಿ ಗ್ರಾಮಾಂತರ ಇದ್ದರೂ ಮಹಾಯೋಜನೆ (ಮಾಸ್ಟರ್ ಪ್ಲಾನ್) ತಯಾರಾಗುವುದು ಸ್ಥಳೀಯ ಯೋಜನಾ ಪ್ರದೇಶವೆಂದು ಘೋಷಣೆಯಾದ ಕಡೆ, ಅಂದರೆ ಹೆಚ್ಚಾಗಿ ನಗರ, ಪಟ್ಟಣಗಳ ಸುತ್ತ. ಅದರಾಚೆಯ ಊರುಗಳಲ್ಲಿ ಹೊಲ ನಿವೇಶನವಾಗುವುದು ಭೂಕಂದಾಯ ಕಾಯ್ದೆಯ 95ನೇ ಸೆಕ್ಷನ್ನಿನ ಪರಿವರ್ತನೆ ಆದೇಶದಿಂದ, ಇಲ್ಲವೇ ಆ ಆದೇಶವೂ ಇಲ್ಲದೆ. ಬಹಳ ಸಲ ಪಂಚಾಯಿತಿಗೆ ಸುದ್ದಿ ತಿಳಿಯುವುದು ಖಾತೆಗೆ ಅರ್ಜಿ ಬಂದಾಗ. ಅಷ್ಟರಲ್ಲಿ ಹೆದ್ದಾರಿ ಬದಿಯ ಎರಡೆಕರೆ 30–40 ನಿವೇಶನಗಳಾಗಿ ಮಾರಾಟವಾಗಿರುತ್ತದೆ, ನಾಲ್ಕು ಮನೆ ಎದ್ದಿರುತ್ತವೆ. ಮುಂದಿನ ಗ್ರಾಮಸಭೆಯಲ್ಲಿ ಆ ನಾಲ್ಕು ಮನೆಯವರು ನೀರು, ಬೀದಿದೀಪ ಕೇಳುತ್ತಾರೆ. ಕೇಳುವುದು ತಪ್ಪಲ್ಲ. ಆದರೆ ಊರಿನಿಂದ ಒಂದು ಕಿಲೋಮೀಟರ್ ಕೊಳವೆ ಎಳೆಯುವ ಖರ್ಚು ನಾಲ್ಕು ಮನೆಗಾದರೂ ನಲವತ್ತು ಮನೆಗಾದರೂ ಹೆಚ್ಚುಕಡಿಮೆ ಒಂದೇ. ಊರು ರಸ್ತೆಗುಂಟ ದಾರದಂತೆ ಉದ್ದವಾದಷ್ಟೂ ಪ್ರತಿ ಮನೆಯ ಮೇಲೆ ಬೀಳುವ ಖರ್ಚು ಏರುತ್ತದೆ, ಕಂದಾಯ ಮಾತ್ರ ಅಷ್ಟೇ ಇರುತ್ತದೆ. ತೆರಿಗೆ ವಸೂಲಿಗೆ ಪೂರ್ತಿ ಅಂಕ ಪಡೆದ ಪಂಚಾಯಿತಿಯಲ್ಲೂ ಪಂಪಿನ ಕರೆಂಟ್ ಬಿಲ್ ಬಾಕಿ ಬೆಳೆಯಲು ಇದೊಂದು ಕಾರಣ.

ಹಾಗಾದರೆ ಅಂಕ ಯಾವುದಕ್ಕೆ ಕೊಡಬೇಕು? ಮೊದಲು ತಳನಕ್ಷೆಗೆ. ಇದಕ್ಕೆ ಹೊಸ ಸರ್ವೆ ಬೇಕಿಲ್ಲ, ಬೇಕಾದ ಕಾಗದಗಳು ಸರ್ಕಾರದ ಬಳಿಯೇ ಬೇರೆಬೇರೆ ಮೇಜಿನ ಮೇಲಿವೆ. ಭೂಮಾಪನ ಇಲಾಖೆಯ ಗ್ರಾಮ ನಕ್ಷೆಯಲ್ಲಿ ಹಳ್ಳ, ಬಂಡಿದಾರಿ, ಕೆರೆ, ಗ್ರಾಮಠಾಣಾ (ಊರಿನ ಮೂಲ ವಸತಿ ಜಾಗ) ಎಲ್ಲ ಕಾಣುತ್ತವೆ. 2020ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯ ಡ್ರೋನ್ ಸರ್ವೆ ನಡೆದ ಊರುಗಳಲ್ಲಿ ವಸತಿ ಭಾಗದ ಮನೆಮನೆಯ ಗಡಿ ಸಿಗುತ್ತದೆ. ಸರ್ವೆ ನಂಬರ್ ಗಡಿಗಳು ದಿಶಾಂಕ್ ಆ್ಯಪ್‌ನಲ್ಲಿವೆ. ಇವನ್ನು ಒಂದರ ಮೇಲೊಂದು ಇಟ್ಟು, ಪಹಣಿ ಮತ್ತು ಆಕಾರ್‌ಬಂದ್ (ಸರ್ವೆ ನಂಬರ್‌ವಾರು ವಿಸ್ತೀರ್ಣದ ದಾಖಲೆ) ನೋಡಿ ಬಿ ಖರಾಬು, ಅಂದರೆ ಸಾಗುವಳಿಗಲ್ಲದೆ ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗಗಳಿಗೆ ಕೆಂಪು ಬಣ್ಣ ಬಳಿಯುವುದು ಮೊದಲ ಕೆಲಸ. ಹಳ್ಳ, ದಾರಿ, ಸ್ಮಶಾನ, ಕೆರೆ ಕಾಲುವೆ ಎಲ್ಲ ಈ ಕೆಂಪಿನೊಳಗೆ ಬರಬೇಕು. ಎಡವುವುದೂ ಇಲ್ಲೇ. ಕಂಪ್ಯೂಟರ್ ಪರದೆಯ ಗೆರೆಯನ್ನೇ ಗಡಿ ಎಂದು ನಂಬಿ ಬಣ್ಣ ಬಳಿದರೆ ನೆಲದ ಮೇಲೆ ಅದು ಕೆಲವು ಮೀಟರ್ ಆಚೀಚೆ ಬೀಳುತ್ತದೆ, ಯಾರದೋ ತೋಟ ಹಳ್ಳವಾಗುತ್ತದೆ, ಮೊದಲ ಸಭೆಯಲ್ಲೇ ನಕ್ಷೆ ಮರ್ಯಾದೆ ಕಳೆದುಕೊಳ್ಳುತ್ತದೆ. ಸರ್ವೆಯರ್ ಜತೆಗೆ ಊರಿನ ನೀರುಗಂಟಿಯೂ ಹಿರಿಯರೂ ನಡೆದು ನೋಡಿದ ಮೇಲೆಯೇ ಬಣ್ಣ ಬಳಿಯಬೇಕು.

ಎರಡನೆಯದು ಲೆಕ್ಕ. ಉದಾಹರಣೆಗೆ 1,800 ಜನರ ಊರು ವರ್ಷಕ್ಕೆ ಶೇ 1.5ರಂತೆ ಬೆಳೆದರೆ ಹತ್ತು ವರ್ಷಕ್ಕೆ ಸುಮಾರು 2,090 ಆಗುತ್ತದೆ. ಹೆಚ್ಚುವರಿ 290 ಜನಕ್ಕೆ, ಮನೆಗೆ ನಾಲ್ಕೂವರೆ ಮಂದಿಯಂತೆ, 65 ಮನೆ. ಪಾಲಾಗುವ ಕುಟುಂಬಗಳಿಗೆ ಇನ್ನೊಂದು 35 ಸೇರಿಸಿದರೆ ನೂರು. 1,200 ಚದರಡಿಯ ನೂರು ನಿವೇಶನಕ್ಕೆ ಎರಡೂ ಮುಕ್ಕಾಲು ಎಕರೆ. ರಸ್ತೆ, ಚರಂಡಿ, ಅಂಗನವಾಡಿ, ಬಯಲಿಗೆ ಶೇ 45 ಬಿಟ್ಟರೆ ಒಟ್ಟು ಐದೆಕರೆ. ಊರಿಗೆ ಹತ್ತು ವರ್ಷಕ್ಕೆ ಬೇಕಾದ್ದು ಇಷ್ಟು. ಅದೇ ಊರಿನಲ್ಲಿ ಈಗಾಗಲೇ ಇಪ್ಪತ್ತೆಕರೆ ಬಡಾವಣೆಯಾಗಿ ಕಲ್ಲು ನೆಟ್ಟಿದ್ದರೆ ಅದು ಜನರ ವಾಸಕ್ಕಲ್ಲ, ಹಣ ಹೂಡುವವರಿಗೆ ಎಂಬುದು ಗ್ರಾಮಸಭೆಗೆ ಬಿಡಿಸಿ ಹೇಳದೆಯೇ ತಿಳಿಯುತ್ತದೆ. ನೀರಿನ ಲೆಕ್ಕವೂ ಹೀಗೆಯೇ. ಜಲ ಜೀವನ್ ಮಿಷನ್ನಿನ ತಲೆಗೆ 55 ಲೀಟರ್ ಮಾನದಂಡದಂತೆ 2,090 ಜನಕ್ಕೆ ದಿನಕ್ಕೆ ಸುಮಾರು 1.15 ಲಕ್ಷ ಲೀಟರ್ ಬೇಕು. ಅದರಲ್ಲಿ ಶೇ 80 ಬಚ್ಚಲು ನೀರಾಗಿ ಹೊರಬಂದರೆ ದಿನಕ್ಕೆ 92,000 ಲೀಟರ್. ಇದನ್ನು ಇಂಗಿಸುವ ಅಥವಾ ಶುದ್ಧಗೊಳಿಸುವ ಜಾಗ ನಕ್ಷೆಯಲ್ಲಿ ಇಲ್ಲದಿದ್ದರೆ ಅದು ಸೇರುವುದು ಕೆರೆಗೆ.

ಮೂರನೆಯದು ಐದೆಕರೆ ಎಲ್ಲಿ ಎಂಬ ಪ್ರಶ್ನೆ. ಹಳೆಯ ಗ್ರಾಮಠಾಣಾಕ್ಕೆ ತಾಗಿರಬೇಕು. ಓವರ್‌ಹೆಡ್ ಟ್ಯಾಂಕಿನ ಕೆಳಮಟ್ಟದಲ್ಲಿರಬೇಕು, ಇಲ್ಲದಿದ್ದರೆ ಕೊನೆಯ ನಲ್ಲಿಗೆ ನೀರು ಏರುವುದಿಲ್ಲ. ಕೆರೆಯ ಅಚ್ಚುಕಟ್ಟಿನ ಗದ್ದೆ ಮತ್ತು ಹಳ್ಳದ ಅಂಚನ್ನು ಬಿಡಬೇಕು. ಮುಖ್ಯ ದಾರಿಗೆ 30 ಅಡಿ ಅಗಲ ಮೊದಲೇ ಕಾದಿರಿಸಬೇಕು. ಎದುರುಬದುರು ಟ್ರ್ಯಾಕ್ಟರ್, ಆಂಬುಲೆನ್ಸ್ ಬಂದಾಗ ಹಾಯಲು ಆಗದ ದಾರಿಯನ್ನು ಆಮೇಲೆ ಅಗಲ ಮಾಡಿದ ಪಂಚಾಯಿತಿ ಬಲು ಅಪರೂಪ. ಬೇಡಿಕೆ ಬಂದಾಗ ಗೋಮಾಳದ ಕಡೆ ಕೈ ತೋರಿಸುವುದು ಸುಲಭದ ದಾರಿ. ಅದಕ್ಕೆ ಅಂಕ ಕಡಿತ ಆಗಬೇಕೆಂಬುದು ನಮ್ಮ ಅಭಿಪ್ರಾಯ. ದನಕರು ಇರುವ ಊರಿಗೆ ಗೋಮಾಳ ಖಾಲಿ ಜಾಗವಲ್ಲ.

ಕಾಮಗಾರಿಗಳ ಅನುಕ್ರಮಕ್ಕೂ ಅಂಕ ಇರಲಿ. ಮೊದಲು ನೀರಿನ ಕೊಳವೆ, ಆಮೇಲೆ ಚರಂಡಿ, ವಿದ್ಯುತ್ ಕಂಬ, ಕೊನೆಗೆ ಕಾಂಕ್ರೀಟ್. ನಡೆಯುವುದು ಇದರ ತಿರುಗುಮುರುಗು, ಏಕೆಂದರೆ ಒಂದೊಂದು ದುಡ್ಡು ಒಂದೊಂದು ಲೆಕ್ಕಶೀರ್ಷಿಕೆಯಲ್ಲಿ ಒಂದೊಂದು ತಿಂಗಳಲ್ಲಿ ಬರುತ್ತದೆ. ಇಂದು ಹಾಕಿದ ಸಿಸಿ ರಸ್ತೆಯನ್ನು ಮುಂದಿನ ವರ್ಷ ಕೊಳವೆಗಾಗಿ ಕತ್ತರಿಸುತ್ತಾರೆ, ಕತ್ತರಿಸಿದ ಕಡೆ ತೇಪೆ ಕುಸಿಯುತ್ತದೆ. ಚರಂಡಿಗೆ 200 ಅಡಿಗೆ ಒಂದಡಿಯಾದರೂ ಇಳಿಜಾರು ಬೇಕು. ವಾರ್ಡ್‌ವಾರು ತುಂಡುತುಂಡಾಗಿ ಕಟ್ಟಿದ ಚರಂಡಿಯಲ್ಲಿ ಒಂದು ತುಂಡಿನ ತಳ ಇನ್ನೊಂದಕ್ಕಿಂತ ಮೇಲಿರುತ್ತದೆ, ಸೇರುವ ಕಡೆ ನೀರು ಮಡುಗಟ್ಟಿ ಸೊಳ್ಳೆ ಹುಟ್ಟುತ್ತದೆ. ಸ್ವಚ್ಛತೆಯ ಅಂಕಪಟ್ಟಿಯಲ್ಲಿ ಮಾತ್ರ ಆ ಚರಂಡಿಯ ಉದ್ದ ಸಾಧನೆಯಾಗಿ ದಾಖಲಾಗುತ್ತದೆ.

ಈಗ ಪುರಸ್ಕಾರ ಕೊಡುವ ರೀತಿಯ ಬಗ್ಗೆ. ನಿರ್ಮಲ ಗ್ರಾಮ ಪುರಸ್ಕಾರದ ಕಾಲದಲ್ಲಿ ಫಲಕ ತೂಗುಹಾಕಿದ ಎಷ್ಟೋ ಊರುಗಳು ಕೆಲವೇ ವರ್ಷಗಳಲ್ಲಿ ಬಯಲು ಶೌಚಕ್ಕೆ ಮರಳಿದವು. ದುಡ್ಡು ಪೂರ್ತಿ ಕೈಸೇರಿದ ಮೇಲೆ ಮತ್ತೆ ಬಂದು ನೋಡುವವರು ಇರಲಿಲ್ಲ. ಆದ್ದರಿಂದ 5 ಲಕ್ಷವನ್ನು ಒಂದೇ ಸಲ ಕೊಡಬೇಡಿ. ಗ್ರಾಮಸಭೆ ನಕ್ಷೆಯನ್ನು ಒಪ್ಪಿ, ಅದನ್ನು ಪಂಚಾಯಿತಿ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿದ ವರ್ಷ 2 ಲಕ್ಷ. ಮೂರನೇ ವರ್ಷ ಬೇರೆ ತಾಲ್ಲೂಕಿನ ಸರ್ವೆಯರ್ ಮತ್ತು ಎಂಜಿನಿಯರ್ ಬಂದು ನೆಲದ ಮೇಲೆ ನಡೆದು ನೋಡಲಿ. ಹೊಸ ಮನೆಗಳಲ್ಲಿ ಎಷ್ಟು ಗುರುತಿಸಿದ ಜಾಗದಲ್ಲಿವೆ, ಕೆಂಪು ಬಳಿದ ಬಿ ಖರಾಬಿನಲ್ಲಿ ಹೊಸ ಒತ್ತುವರಿ ಇದೆಯೇ, ಕತ್ತರಿಸಿದ ಕಾಂಕ್ರೀಟ್ ಎಷ್ಟು ಎಂಬ ಮೂರೇ ಪ್ರಶ್ನೆ ಸಾಕು. ಪಾಸಾದರೆ ಉಳಿದ 3 ಲಕ್ಷ.

ಆಯ್ಕೆ ಸಮಿತಿಯಲ್ಲಿ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಯ ಜೊತೆ ನಗರ ಯೋಜನಾ ಇಲಾಖೆಯ ಒಬ್ಬರು, ಭೂಮಾಪನ ಇಲಾಖೆಯ ಒಬ್ಬರು ಇರಬೇಕು. ಹಳ್ಳ ಪಂಚಾಯಿತಿ ಗಡಿಗೆ ನಿಲ್ಲುವುದಿಲ್ಲ. ಮೇಲಿನ ಊರಿನ ಬಚ್ಚಲು ನೀರು ಕೆಳಗಿನ ಊರಿನ ಕೆರೆಗೆ ಬರುವ ಕಡೆ ಎರಡು–ಮೂರು ಪಂಚಾಯಿತಿಗಳು ಒಟ್ಟಾಗಿ ಅರ್ಜಿ ಹಾಕುವ ಅವಕಾಶವೂ ಇರಲಿ. ಕೇಂದ್ರದ 2016ರ ರೂರ್ಬನ್ ಮಿಷನ್ನಿನಲ್ಲಿ ಊರುಗಳ ಗುಂಪಿಗೆ ಯೋಜನೆ ಮಾಡುವ ಅಭ್ಯಾಸ ಒಮ್ಮೆ ಆಗಿದೆ.

ಪಿಡಿಒಗಳಿಗೆ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳಿಗೆ) ಇದು ಇನ್ನೊಂದು ಹೊರೆ ಎಂಬ ಆಕ್ಷೇಪ ಬರುತ್ತದೆ. ನಿಜವೇ. ಪಿಡಿಒ ಹುದ್ದೆಯೇ ಖಾಲಿ ಇರುವ ಕಡೆ ನಕ್ಷೆಯ ಮಾತಾಡುವುದು ಕಷ್ಟ. ಆದ್ದರಿಂದ ಎಲ್ಲ ಪಂಚಾಯಿತಿಗಳಿಗೂ ಕಡ್ಡಾಯ ಮಾಡಿ ಎನ್ನುತ್ತಿಲ್ಲ. ಮೊದಲ ವರ್ಷ ಜಿಲ್ಲೆಗೊಂದು ತಾಲ್ಲೂಕಿನಲ್ಲಿ, ಸ್ವಇಚ್ಛೆಯಿಂದ ಮುಂದೆ ಬಂದವರಿಗೆ ಮಾತ್ರ ಅನ್ವಯಿಸಿ. ಅವರಿಗೆ ಗ್ರಾಮ ನಕ್ಷೆಯ ಪ್ರತಿ, ಸ್ವಾಮಿತ್ವದ ದತ್ತಾಂಶ ಮತ್ತು ಒಬ್ಬ ಸರ್ವೆಯರ್‌ನ ಹದಿನೈದು ದಿನ, ಇಷ್ಟನ್ನು ಇಲಾಖೆ ಕೊಡಿಸಲಿ. ಪರಿವರ್ತನೆಯ ಅರ್ಜಿ ಜಿಲ್ಲಾಧಿಕಾರಿ ಕಚೇರಿಗೆ ಬಂದ ದಿನವೇ ಅದರ ಸರ್ವೆ ನಂಬರ್ ಆ ಪಂಚಾಯಿತಿಯ ಲಾಗಿನ್‌ಗೂ ಬೀಳುವಂತೆ ಕಂದಾಯ ಸಚಿವರೊಂದಿಗೆ ಮಾತಾಡಿ. ಇದಕ್ಕೆ ತಿದ್ದುಪಡಿ ಬೇಡ, ಎರಡು ಇಲಾಖೆಗಳ ಒಂದು ಜಂಟಿ ಸುತ್ತೋಲೆ ಸಾಕು. ಮುಂದಿನ ಸಾಲಿನ ಪುರಸ್ಕಾರದ ಪ್ರಶ್ನಾವಳಿ ತಾಲ್ಲೂಕುಗಳಿಗೆ ಹೋಗುವ ಮುನ್ನ ಆ ಸುತ್ತೋಲೆ ಹೊರಬರಲಿ ಎಂದು ಕೋರುತ್ತೇವೆ.

ಇಂತಿ,
ಗ್ರಾಮ ಯೋಜನೆಯ ಕೆಲಸದಲ್ಲಿ ತೊಡಗಿರುವ ಕೆಲವರು