ವಿಮೆಯಿಲ್ಲದ ಠೇವಣಿಗೆ ಫಲಕವೂ ಇಲ್ಲವೇ?

ಮಾನ್ಯರೇ,

ಸಿಂಧನೂರು, ಮಾನ್ವಿ ಭಾಗದಲ್ಲಿ ಭತ್ತ ಮಾರಿದ ಹಣವನ್ನು ಹೆಚ್ಚಿನ ಬಡ್ಡಿಯ ಆಸೆಗೆ ಸೌಹಾರ್ದ ಪತ್ತಿನ ಸಹಕಾರಿಗಳಲ್ಲಿ ಇಡುವ ಅನೇಕರು, ಸಂಸ್ಥೆ ಮುಳುಗಿದರೂ 5 ಲಕ್ಷ ರೂಪಾಯಿವರೆಗೆ ಸರ್ಕಾರ ಕೊಡುತ್ತದೆ ಎಂದೇ ನಂಬಿದ್ದಾರೆ. ಆದರೆ ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆಯಾದ ಠೇವಣಿ ವಿಮೆ ಮತ್ತು ಸಾಲ ಖಾತರಿ ನಿಗಮದ ಈ 5 ಲಕ್ಷದವರೆಗಿನ ರಕ್ಷಣೆ ಇರುವುದು ವಾಣಿಜ್ಯ, ಗ್ರಾಮೀಣ ಮತ್ತು ಸಹಕಾರಿ ಬ್ಯಾಂಕುಗಳ ಠೇವಣಿಗೆ. ಪತ್ತಿನ ಸಹಕಾರಿಗಳಾಗಲಿ, ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಾಗಲಿ ಅದರ ವ್ಯಾಪ್ತಿಗೆ ಬರುವುದಿಲ್ಲ.

ಬ್ಯಾಂಕುಗಳಲ್ಲಿಯೂ ಈ ಮಿತಿಯನ್ನು ಸರಿಯಾಗಿ ತಿಳಿದವರು ಕಡಿಮೆ. 2020ರ ಫೆಬ್ರುವರಿಯಲ್ಲಿ 1 ಲಕ್ಷದಿಂದ 5 ಲಕ್ಷಕ್ಕೆ ಏರಿದ ಈ ಮೊತ್ತದಲ್ಲಿ ಅಸಲು, ಬಡ್ಡಿ ಎರಡೂ ಸೇರಿವೆ. ಒಬ್ಬರೇ ತಮ್ಮ ಹೆಸರಿನಲ್ಲಿ ಒಂದೇ ಬ್ಯಾಂಕಿನ ರಾಯಚೂರು ಶಾಖೆಯಲ್ಲಿ 4 ಲಕ್ಷ, ಲಿಂಗಸುಗೂರು ಶಾಖೆಯಲ್ಲಿ 3 ಲಕ್ಷ ಇಟ್ಟಿದ್ದರೆ ಎರಡನ್ನೂ ಕೂಡಿಸಿ ಲೆಕ್ಕ ಹಾಕುವುದರಿಂದ, ಉಳಿದ 2 ಲಕ್ಷಕ್ಕೆ ವಿಮೆಯಿಲ್ಲ. ವಿಮಾ ಕಂತನ್ನು ಬ್ಯಾಂಕೇ ಕಟ್ಟುತ್ತದೆ. ಠೇವಣಿದಾರರು ಹಣ ಹಿಂಪಡೆಯುವುದಕ್ಕೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ ಸಾಮಾನ್ಯವಾಗಿ 90 ದಿನಗಳೊಳಗೆ ವಿಮೆ ಹಣ ಸಿಗುವಂತೆ 2021ರಲ್ಲಿ ಮಾಡಿದ ತಿದ್ದುಪಡಿ ನಿಜಕ್ಕೂ ದೊಡ್ಡ ಉಪಕಾರ. ಅದಕ್ಕೂ ಮುಂಚೆ ಜನ ವರ್ಷಗಟ್ಟಲೆ ಕಾಯಬೇಕಿತ್ತು.

ಆದ್ದರಿಂದ ಸಹಕಾರ ಇಲಾಖೆಯು, ಪ್ರತಿಯೊಂದು ಪತ್ತಿನ ಸಹಕಾರಿಯ ಕೌಂಟರಿನಲ್ಲಿ ಹಾಗೂ ಠೇವಣಿ ರಸೀದಿಯ ಮೇಲೆ 'ಈ ಠೇವಣಿಗೆ ವಿಮೆ ಇರುವುದಿಲ್ಲ' ಎಂದು ದಪ್ಪ ಅಕ್ಷರಗಳಲ್ಲಿ ಮುದ್ರಿಸುವುದನ್ನು ಕಡ್ಡಾಯಗೊಳಿಸಬೇಕೆಂದು ವಿನಂತಿ.

– ಓರ್ವ ಠೇವಣಿದಾರ, ಸಿಂಧನೂರು, ರಾಯಚೂರು ಜಿಲ್ಲೆ