ಸೂಜಿ ಹಿಡಿದಿರೋ ಪುಟ್ಟಿಗೆ ಅತ್ತೆಯ ಕಾಗದ

ಪುಟ್ಟಿ,

ನಿನ್ನೆ ರಾತ್ರಿ ಫೋನಲ್ಲಿ ನೀನು ಅತ್ತಿದ್ದು ಕೇಳಿದ ಮೇಲೆ ನಂಗೆ ನಿದ್ದೆ ಹತ್ತಲಿಲ್ಲ. ಡಿಎಂಎಲ್‌ಟಿ, ಅದೇ ಲ್ಯಾಬ್ ಟೆಕ್ನಿಶಿಯನ್ ಡಿಪ್ಲೊಮಾ ಮುಗಿಸಿ ರಕ್ತದ ಸ್ಯಾಂಪಲ್ ಕಲೆಕ್ಷನ್‌ಗೆ ಕೂತು ಇನ್ನೂ 2 ವಾರ, ಅಷ್ಟರಲ್ಲಿ ಆ ಅಜ್ಜನ ಮೊಣಕೈ ಊದಿಕೊಂಡು ನೇರಳೆ ಹಣ್ಣಿನ ಹಾಗೆ ಕಪ್ಪಾಯ್ತು, ಅವರ ಮಗ ಎಲ್ಲರ ಮುಂದೆ ಬೈದ್ರು, ನಂಗೆ ಈ ಕೆಲಸ ಆಗಲ್ಲ ಅತ್ತೆ ಅಂದೆ. ಆಗುತ್ತೆ ಕಣೇ. 31 ವರ್ಷ ಇದೇ ಕೆಲಸ ಮಾಡಿದವಳು ಹೇಳ್ತಿದೀನಿ, ಫೋನಲ್ಲಿ ಎಲ್ಲಾ ಹೇಳಕ್ಕಾಗಲ್ಲ ಅಂತ ಬರೀತಿದೀನಿ, ಸಮಾಧಾನವಾಗಿ ಓದು.

ಮೊದಲು ಆ ಅಜ್ಜನ ವಿಷಯ. ರಕ್ತ ತೆಳುವಾಗೋ ಮಾತ್ರೆ ತಗೋತೀರಾ ಅಂತ ಕೇಳಿದ್ಯಾ? ಹಾರ್ಟಿಗೆ ಸ್ಟೆಂಟ್ ಹಾಕಿಸ್ಕೊಂಡವರು ಆಸ್ಪಿರಿನ್, ಕ್ಲೋಪಿಡೋಗ್ರೆಲ್ ತಗೋತಿರ್ತಾರೆ, ಅಂಥವರಿಗೆ ಹತ್ತಿ ಇಟ್ಟು ಒಂದು ನಿಮಿಷ ಒತ್ತಿದ್ರೆ ಸಾಲದು, 5 ನಿಮಿಷ ನೀನೇ ನಿಂತು ಒತ್ತಬೇಕು, ಅವರ ಕೈಗೆ ಬಿಟ್ಟರೆ ಮಾತಾಡ್ತಾ ಮಾತಾಡ್ತಾ ಬಿಟ್ಬಿಡ್ತಾರೆ. ಇನ್ನೊಂದು, ಹತ್ತಿ ಇಟ್ಟು ಕೈ ಮಡಚಿ ಕೂತ್ಕೊಳ್ಳಿ ಅಂತ ನಮ್ಮಲ್ಲಿ ಎಲ್ಲರೂ ಹೇಳ್ತಾರಲ್ಲ, ಅದು ತಪ್ಪು, ಕೈ ನೇರ ಇಟ್ಟೇ ಒತ್ತಬೇಕು, ಮಡಚಿದ್ರೆ ತೂತು ಸರಿಯಾಗಿ ಮುಚ್ಚದೆ ಚರ್ಮದ ಕೆಳಗೇ ರಕ್ತ ಸೋರ್ತಾ ಇರುತ್ತೆ. ಮತ್ತೆ ತೋಳಿಗೆ ಬಿಗಿದ ಟೂರ್ನಿಕೆಟ್ ಪಟ್ಟಿ ಬಿಚ್ಚಿದ ಮೇಲೇ ಸೂಜಿ ಎಳೀಬೇಕು, ಗಡಿಬಿಡೀಲಿ ಉಲ್ಟಾ ಮಾಡಿದ್ರೆ ಕೆಳಗೆ ತುಂಬ್ಕೊಂಡಿರೋ ರಕ್ತ ಆ ತೂತಿಂದಲೇ ಹೊರಗೆ ನುಗ್ಗುತ್ತೆ. ಇವುಗಳಲ್ಲಿ ಯಾವುದಾಯ್ತು ಅಂತ ನೆನಪು ಮಾಡ್ಕೋ.

ಆ ಟೂರ್ನಿಕೆಟ್ ಇದೆಯಲ್ಲ, ಅದನ್ನ ಬರೀ ರಬ್ಬರ್ ಪಟ್ಟಿ ಅನ್ಕೋಬೇಡ. ರಕ್ತ ಮೈಯಲ್ಲಿ ಸುತ್ತುತ್ತೆ ಅಂತ ಇಂಗ್ಲೆಂಡಿನ ಡಾಕ್ಟರ್ ವಿಲಿಯಂ ಹಾರ್ವೆ 1628ರಲ್ಲಿ ಪುಸ್ತಕ ಬರೆದು ತೋರಿಸಿದ್ದು ಇಂಥದೇ ಪಟ್ಟಿಯಿಂದ. ತೋಳಿಗೆ ಪಟ್ಟಿ ಕಟ್ಟಿದ್ರೆ ಕೆಳಗಿನ ರಕ್ತನಾಳ ಉಬ್ಬುತ್ತೆ, ಅಲ್ಲಲ್ಲಿ ಗಂಟು ಗಂಟಾಗಿ ವಾಲ್ವ್ ಕಾಣ್ಸುತ್ತೆ, ಬೆರಳಲ್ಲಿ ರಕ್ತವನ್ನ ಅಂಗೈ ಕಡೆಗೆ ತಳ್ಳಿದ್ರೆ ವಾಲ್ವ್ ದಾಟಿ ಹೋಗಲ್ಲ, ಹೃದಯದ ಕಡೆಗೆ ಮಾತ್ರ ಸಲೀಸಾಗಿ ಹೋಗುತ್ತೆ, ಅದರ ಚಿತ್ರಾನೂ ಆ ಪುಸ್ತಕದಲ್ಲಿದೆ. ಮೈಯಲ್ಲಿರೋದೇ ಸುಮಾರು 5 ಲೀಟರ್, ಸುಮ್ನೆ ಕೂತಿದ್ರೂ ಹೃದಯ ಒಂದು ನಿಮಿಷಕ್ಕೆ ಹತ್ತಿರತ್ತಿರ ಅಷ್ಟನ್ನೂ ತಳ್ಳುತ್ತೆ, ಇಷ್ಟೊಂದು ರಕ್ತ, ಆಗ ಜನ ನಂಬಿದ್ದ ಹಾಗೆ, ತಿಂದ ಊಟದಿಂದ ಹೊಸದಾಗಿ ಹುಟ್ಟೋಕೆ ಸಾಧ್ಯನೇ ಇಲ್ಲ ಅನ್ನೋದೇ ಆತನ ವಾದ. ಅಂಥ ಹರಿವನ್ನ ನೀನು ಪಟ್ಟಿ ಕಟ್ಟಿ ನಿಲ್ಲಿಸ್ತಿದೀಯ, ಹಾಗಾಗಿ ಒಂದು ನಿಮಿಷಕ್ಕಿಂತ ಜಾಸ್ತಿ ಬೇಡ. ತಡ ಆದಷ್ಟೂ ನೀರಿನಂಶ ಹೊರಗೆ ಹೋಗಿ ರಕ್ತ ಅಲ್ಲೇ ಮಂದವಾಗುತ್ತೆ, ಪ್ರೊಟೀನ್ ಎಲ್ಲಾ ಇರೋದಕ್ಕಿಂತ ಜಾಸ್ತಿ ತೋರ್ಸುತ್ತೆ. ಮುಷ್ಟಿ ಬಿಗಿ ಮಾಡಿ ಬಿಡಿ ಮಾಡಿ ಅಂತ ಪದೇ ಪದೇ ಮಾಡಿಸಿದ್ರೆ ಪೊಟ್ಯಾಶಿಯಂ ಏರುತ್ತೆ, ಮಾಡಿಸ್ಬೇಡ.

ನಮ್ಮ ಜನ ‘ನರ ಸಿಗ್ತಿಲ್ವಾ ಮೇಡಂ’ ಅಂತಾರೆ. ನಾವೂ ಹಾಗೇ ಅಂತೀವಿ, ರಕ್ತ ಹರಿಯೋ ವೇಯ್ನಿಗೂ ನರ, ನೋವು ತಿಳಿಸೋ ನರ್ವಿಗೂ ನರ. ಆದ್ರೆ ಸೂಜಿ ಹಾಕಿದಾಗ ಬೆರಳತನಕ ಕರೆಂಟ್ ಹೊಡೆದ ಹಾಗಾಯ್ತು ಅಂತ ಯಾರಾದ್ರೂ ಅಂದ್ರೆ ನೀನು ಮುಟ್ಟಿರೋದು ನಿಜವಾದ ನರ, ಟೂರ್ನಿಕೆಟ್ ಸಡಿಲಿಸಿ ತಕ್ಷಣ ಸೂಜಿ ತೆಗಿ, ಅಲ್ಲೇ ಹುಡುಕಬೇಡ. ಮೊಣಕೈ ಮಧ್ಯದ ವೇಯ್ನೇ ನಂಬಿಕಸ್ತ. ಒಳಮಗ್ಗುಲಿಂದು ದಪ್ಪಗೆ ಕಂಡು ಆಸೆ ಹುಟ್ಟಿಸುತ್ತೆ, ಪಕ್ಕದಲ್ಲೇ ನರಾನೂ ಇದೆ ಅಪಧಮನೀನೂ ಇದೆ, ಅದನ್ನ ಕೊನೆಗಿಟ್ಕೋ. ಡಯಾಲಿಸಿಸ್ ಫಿಸ್ಟುಲಾ, ಅಂದ್ರೆ ಡಯಾಲಿಸಿಸ್‌ಗೆ ಅಂತ ಆಪರೇಷನ್ ಮಾಡಿ ರಕ್ತನಾಳ ಜೋಡಿಸಿರೋ ಕೈ ಮುಟ್ಟಲೇ ಬೇಡ. ಎರಡು ಸಲ ಸಿಗದಿದ್ರೆ ಸೀನಿಯರನ್ನ ಕರಿ, ಅದರಲ್ಲಿ ಅವಮಾನ ಏನೂ ಇಲ್ಲ.

ಈಗ ಹೆಪ್ಪು. ಮನೇಲಿ ಹಾಲಿಗೆ ಹೆಪ್ಪು ಹೊರಗಿಂದ ಹಾಕ್ತೀವಿ, ರಕ್ತಕ್ಕೆ ಹೆಪ್ಪು ಅದರೊಳಗೇ ಇದೆ ಪುಟ್ಟಿ, ಮಲಗಿರುತ್ತೆ ಅಷ್ಟೆ. ನಾಳ ಹರಿದ ಕೂಡ್ಲೇ ಪ್ಲೇಟ್ಲೆಟ್ ಓಡಿ ಬಂದು ಅಂಟ್ಕೋತವೆ, ಆಮೇಲೆ ಫ್ಯಾಕ್ಟರ್ ಅನ್ನೋ ಹೆಪ್ಪಿನ ಪ್ರೊಟೀನ್‌ಗಳು ಒಂದನ್ನೊಂದು ಎಬ್ಬಿಸ್ತಾ ಹೋಗಿ ಕೊನೆಗೆ ಫೈಬ್ರಿನೋಜನ್ ಫೈಬ್ರಿನ್ ಎಳೆಗಳಾಗಿ ಬಲೆ ನೇಯುತ್ತೆ. ಈ ಸಾಲಲ್ಲಿ ಒಂದು ಕೊಂಡಿ ಇಲ್ದೇ ಹೋದ್ರೆ, ಉದಾಹರಣೆಗೆ ಫ್ಯಾಕ್ಟರ್ 8, ಅದೇ ಹಿಮೋಫಿಲಿಯಾ, ರಕ್ತ ಬೇಗ ನಿಲ್ಲದ ಕಾಯಿಲೆ. ನಡುವೆ ಕ್ಯಾಲ್ಸಿಯಂ ಬೇಕೇ ಬೇಕು, ನೇರಳೆ ಮುಚ್ಚಳದ ಟ್ಯೂಬಲ್ಲಿರೋ ಇಡಿಟಿಎ ಅನ್ನೋ ರಾಸಾಯನಿಕ ಆ ಕ್ಯಾಲ್ಸಿಯಂನೇ ಹಿಡಿದಿಟ್ಕೊಂಡು ಹೆಪ್ಪಾಗದ ಹಾಗೆ ನೋಡ್ಕೊಳ್ಳುತ್ತೆ. ಆದ್ರೆ ನೀನು ಟ್ಯೂಬನ್ನ ನಿಧಾನಕ್ಕೆ 8-10 ಸಲ ಮಗುಚಿದ್ರೆ ಮಾತ್ರ. ಮಳೆಗಾಲದಲ್ಲಿ ಡೆಂಗ್ಯೂ ಅಂತ ಸಾಲುಗಟ್ಟಿ ಬರ್ತಾರಲ್ಲ, ಆಗ ಮಗುಚದೆ ಸ್ಟ್ಯಾಂಡಿಗೆ ಇಟ್ಟ ಟ್ಯೂಬಲ್ಲಿ ಸಣ್ಣ ಗಡ್ಡೆ ಕಟ್ಟಿ ಪ್ಲೇಟ್ಲೆಟ್ ಅದರೊಳಗೇ ಸಿಕ್ಕಿಕೊಳ್ತವೆ, ಮೆಷೀನ್ ಮಾತ್ರ ಒಂದೂವರೆ ಲಕ್ಷ ಇರಬೇಕಾದ ಕಡೆ 20 ಸಾವಿರ ಅನ್ನುತ್ತೆ, ಮನೆಯವರು ಪ್ಲೇಟ್ಲೆಟ್‌ಗೆ ಅಂತ ರಾತ್ರಿಯೆಲ್ಲಾ ಓಡಾಡ್ತಾರೆ. ಹಾಗಂತ ಯಾವ ಟ್ಯೂಬನ್ನೂ ಜೋರಾಗಿ ಅಲ್ಲಾಡಿಸ್ಬೇಡ, ಕೆಂಪು ಕಣ ಒಡೆದು ಪೊಟ್ಯಾಶಿಯಂ ಸುಳ್ಳು ಬರುತ್ತೆ. ಕೆಂಪು ಮುಚ್ಚಳದ್ದು ಮಾತ್ರ ಮೊಸರಿನ ಪಾತ್ರೆ ಇದ್ದ ಹಾಗೆ, ಅರ್ಧ ಗಂಟೆ ನಿಲ್ಲಿಸಿ ಬಿಡು, ಪೂರ್ತಿ ಹೆಪ್ಪಾದ ಮೇಲೇ ಗಿರಗಿರ ತಿರುಗಿಸೋ ಸೆಂಟ್ರಿಫ್ಯೂಜ್ ಮೆಷೀನಿಗೆ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ತಪ್ಪು ಮಾಡಿದ್ದೆ, ಇದುವರೆಗೆ ಮನೇಲಿ ಯಾರಿಗೂ ಹೇಳಿಲ್ಲ. ಒಬ್ಬ ಹೆಂಗಸಿಂದು ಇಡಿಟಿಎ ಇಲ್ಲದ ಪ್ಲೇನ್ ಬಾಟಲಿಗೆ ರಕ್ತ ಸಾಲಲಿಲ್ಲ, ಮತ್ತೆ ಚುಚ್ಚೋದು ಯಾಕೆ ಪಾಪ ಅಂತ ಇಡಿಟಿಎ ಬಾಟಲಿಯಿಂದ ಸ್ವಲ್ಪ ಅದಕ್ಕೆ ಸುರಿದೆ. ಇಡಿಟಿಎ ಪೊಟ್ಯಾಶಿಯಂ ಉಪ್ಪು ಕಣೇ. ರಿಪೋರ್ಟಲ್ಲಿ ಪೊಟ್ಯಾಶಿಯಂ ಹೃದಯ ನಿಲ್ಲೋ ಅಷ್ಟು, ಕ್ಯಾಲ್ಸಿಯಂ ಇಲ್ಲವೇ ಇಲ್ಲ ಅನ್ನೋ ಅಷ್ಟು. ಡಾಕ್ಟರ್ ಇಂಜೆಕ್ಷನ್ ಕೊಡೋಕೆ ಹೊರಟವರು ಇಸಿಜಿ ಸರಿ ಇದೆಯಲ್ಲ ಅಂತ ಅನುಮಾನ ಬಂದು ಮತ್ತೆ ಸ್ಯಾಂಪಲ್ ಕೇಳಿದ್ರು, ಅದು ನಾರ್ಮಲ್. ಅವತ್ತು ಅವರು ಕೇಳದೇ ಇದ್ದಿದ್ರೆ ಅನ್ನೋದು ನೆನೆಸ್ಕೊಂಡ್ರೆ ಈಗಲೂ ಕೈ ತಣ್ಣಗಾಗುತ್ತೆ. ಅದಕ್ಕೇ ಟ್ಯೂಬ್ ತುಂಬೋ ಆರ್ಡರ್ ಮುಚ್ಚಳದ ಬಣ್ಣದಲ್ಲಿ ಬಾಯಿಪಾಠ ಮಾಡು: ಸೋಂಕು ನೋಡೋ ಕಲ್ಚರ್ ಇದ್ರೆ ಅದು ಮೊದಲು, ಆಮೇಲೆ ನೀಲಿ, ಕೆಂಪು ಅಥವಾ ಹಳದಿ, ಹಸಿರು, ನೇರಳೆ, ಕೊನೆಗೆ ಬೂದು. ಒಂದರಿಂದ ಇನ್ನೊಂದಕ್ಕೆ ಯಾವತ್ತೂ ಸುರೀಬೇಡ, ಎಷ್ಟೇ ಪಾಪ ಅನ್ಸಿದ್ರೂ ಮತ್ತೆ ಚುಚ್ಚು. ಲೇಬಲ್ ಅವರು ಎದುರಿಗೆ ಇರುವಾಗಲೇ ಅಂಟಿಸು, ಹೆಸರು ನೀನು ಹೇಳಿ ಹೌದಾ ಅನ್ನಬೇಡ, ಅವರ ಬಾಯಿಂದಲೇ ಹೇಳಿಸು. ಸೂಜಿಗೆ ಕ್ಯಾಪ್ ವಾಪಸ್ ಹಾಕೋಕೆ ಹೋಗ್ಬೇಡ, ಸೀದಾ ಬಿಳೀ ಡಬ್ಬಿಗೆ.

ನೀಲಿ ಮುಚ್ಚಳದ್ದು ಕೊನೆಗೆ ಹೇಳ್ತಿದೀನಿ, ಯಾಕಂದ್ರೆ ಅದು ನಮ್ಮನೆ ವಿಷಯ. ನಿಮ್ಮ ಮಾವಂಗೆ ಹೃದಯದ ಮೈಟ್ರಲ್ ವಾಲ್ವ್ ಹಾಕಿದ್ದಾರಲ್ಲ, ಲೋಹದ್ದು, ಅದರ ಮೇಲೆ ರಕ್ತ ಹೆಪ್ಪುಗಟ್ಟಬಾರದು ಅಂತ ಅಸಿಟ್ರಾಮ್ ಮಾತ್ರೆ, ತಿಂಗಳಿಗೊಂದ್ಸಲ ರಕ್ತ ಹೆಪ್ಪಾಗೋಕೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ನೋಡೋ ಪಿಟಿ ಐಎನ್‌ಆರ್ ಟೆಸ್ಟ್. 2.5ರಿಂದ 3.5ರ ಒಳಗೆ ಇರಬೇಕು ಅಂದಿದ್ದಾರೆ. ಅದಕ್ಕೆ ಬಳಸೋ ಆ ನೀಲಿ ಟ್ಯೂಬಲ್ಲಿ 9 ಪಾಲು ರಕ್ತಕ್ಕೆ 1 ಪಾಲು ಹೆಪ್ಪು ತಡೆಯೋ ಸಿಟ್ರೇಟ್ ಲೆಕ್ಕ, ಗೆರೆತನಕ ತುಂಬದೆ ಅರ್ಧಕ್ಕೇ ಬಿಟ್ಟರೆ ಸಿಟ್ರೇಟ್ ಜಾಸ್ತಿಯಾಗಿ ಐಎನ್‌ಆರ್ ಮೇಲೆ ತೋರ್ಸುತ್ತೆ, ಡಾಕ್ಟರ್ ಮಾತ್ರೆ ಕಮ್ಮಿ ಮಾಡ್ತಾರೆ, ಇಲ್ಲಿ ಇವರ ವಾಲ್ವಿಗೆ ಗಡ್ಡೆ ಕೂರುತ್ತೆ. ಪ್ರತಿ ತಿಂಗಳೂ ನಾನು ಪಕ್ಕದಲ್ಲಿ ನಿಂತು ಆ ಗೆರೆನೇ ನೋಡ್ತಿರ್ತೀನಿ.

ಮುಂದಿನ ಟೆಸ್ಟು ಬರೋ ಸೋಮವಾರ ಇದೆ. ನಿಮ್ಮ ಲ್ಯಾಬಿಗೇ ಕರ್ಕೊಂಡು ಬರ್ತೀನಿ, ನೀನೇ ತೆಗಿ. ಅವರ ಎಡಗೈ ಚೆನ್ನಾಗಿದೆ, ಬಲಗೈದು ಬೆರಳಿಟ್ರೆ ಜಾರುತ್ತೆ. ಒತ್ತಿ ಹಿಡಿಯೋಕೆ 5 ನಿಮಿಷ ಬೇಕು, ಹಾಗಾಗಿ ರಶ್ ಕಮ್ಮಿ ಇರೋ ಹೊತ್ತು ಯಾವುದು ಅಂತ ನಾಳೆ ಫೋನ್ ಮಾಡಿ ಹೇಳು.

ನಿನ್ನ ಅತ್ತೆ